ಭೂಮಿಗೆ ಕಿವಿಗೊಟ್ಟವರು

ಅಣುಶಕ್ತಿ ಸಂಸ್ಥೆಯೆಂದೊಡನೆ ನಮ್ಮ ಜನರ ಮನಸ್ಸಿಗೆ ಬರುವುದು ವಿದ್ಯುತ್ತನ್ನು ಉತ್ಪಾದಿಸುವ ಸ್ಥಾವರ, ಇಲ್ಲವೆ ಬಾಂಬು. ಇವೆರಡರ ಸಾಲಿಗೂ ಸೇರದ ಸಂಶೋಧನೆಯೊಂದು, ಮುಂಬಯಿಯ ಟ್ರಾಂಬೆಯಲ್ಲಿ ಹೋಮಿ ಭಾಭಾ ಅವರು ಕಟ್ಟಿ ಬೆಳೆಸಿದ, ಈಗ ಅವರ ಹೆಸರನ್ನೇ ಹೊತ್ತಿರುವ ಸಂಸ್ಥೆಯ ಆಶ್ರಯದಲ್ಲಿ, ನಮ್ಮ ನಾಡಿನ ಗೌರಿಬಿದನೂರಿನಲ್ಲಿ 1965ರಿಂದ ನಡೆದುಬಂದಿದೆಯೆಂಬ ಸಂಗತಿ, ಆ ಊರನ್ನು ಹಾದು ಹಿಂದೂಪುರಕ್ಕೆ ಹೋಗಿಬರುವವರಲ್ಲಿಯೂ ಬಹುಮಂದಿಗೆ ತಿಳಿಯದು. ಉತ್ತರ ಪಿನಾಕಿನಿಯ ದಡದ ಆ ಊರಿನ ಸುತ್ತಣ ಹೊಲ, ಬೀಳು, ಬಂಡೆಗಳ ನಡುವೆ, ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ, ಒಂದೊಂದು ಬಾಹುವೂ ಸುಮಾರು 25 ಕಿ.ಮೀ. ಉದ್ದವಿರುವಂತೆ, 20 ಭೂಕಂಪಮಾಪಕಗಳನ್ನು ಶಿಲೆಯ ಮೇಲೆ ನೆಲೆಗೊಳಿಸಿದ್ದಾರೆ. ಸಾವಿರಾರು ಮೈಲಿಗಳಾಚೆ ಯಾವ ದೇಶವಾದರೂ ನೆಲದೊಳಗೆ ಅಣುಬಾಂಬನ್ನು ಸ್ಫೋಟಿಸಿದರೆ ಅದನ್ನು ಇಲ್ಲಿಂದಲೇ ಅರಿಯುವುದು ಇವುಗಳ ಮೊದಲ ಉದ್ದೇಶ.

ಇದರ ಹಿನ್ನೆಲೆಯನ್ನರಿಯಲು 1954ನೆಯ ಇಸವಿಗೆ ಹೋಗಬೇಕು. ಆ ವರ್ಷದ ಮಾರ್ಚಿ 1ರಂದು ಶಾಂತಸಾಗರದ ಬಿಕಿನಿ ದ್ವೀಪವಲಯದಲ್ಲಿ ಅಮೆರಿಕವು ಸಿಡಿಸಿದ ಜಲಜನಕ ಬಾಂಬಿನ ವಿಷಭಸ್ಮವು, ನಿಷಿದ್ಧ ಪ್ರದೇಶದ ಹೊರಗೆ ಮೀನು ಹಿಡಿಯುತ್ತಿದ್ದ ಜಪಾನೀ ಬೆಸ್ತರ ಮೇಲೆ ಸುರಿದು ಅವರು ರೋಗಗ್ರಸ್ತರಾದಾಗ, ಮುಂದಿನ ತಿಂಗಳಲ್ಲಿಯೇ ಜವಾಹರಲಾಲ್ ನೆಹರೂ ಅವರು ಲೋಕಸಭೆಯಲ್ಲಿ, ಸಂಪೂರ್ಣ ನಿಷೇಧವು ಸಾಧ್ಯವಾಗುವವರೆಗೆ ಇಂತಹ ಪರೀಕ್ಷೆಗಳನ್ನಾದರೂ ನಿಲ್ಲಿಸತಕ್ಕದ್ದೆಂದು ಕೇಳಿದರು. ಒಂಬತ್ತು ವರ್ಷಗಳ ತರುವಾಯ ಮಾಸ್ಕೋದಲ್ಲಿ ಸಹಿಯಾದ ಒಪ್ಪಂದವು ವಾಯುಮಂಡಲ, ಅಂತರಿಕ್ಷ ಮತ್ತು ಜಲಗರ್ಭಗಳಲ್ಲಿ ಪರೀಕ್ಷೆ ನಡೆಸಕೂಡದೆಂದು ವಿಧಿಸಿತಾದರೂ ಭೂಗರ್ಭವನ್ನು ಹಾಗೆಯೇ ಬಿಟ್ಟಿತು. ನೆಲದೊಳಗೆ ಕದ್ದು ನಡೆಸಿದ ಸ್ಫೋಟವನ್ನು ದೂರದಿಂದ ಕಂಡುಹಿಡಿಯುವ ವಿದ್ಯೆ ಆಗ ಬಲಿತಿರಲಿಲ್ಲವಾದ್ದರಿಂದ, ಒಬ್ಬರ ದೇಶದೊಳಕ್ಕೆ ಇನ್ನೊಬ್ಬರು ಹೊಕ್ಕು ತಪಾಸಣೆ ಮಾಡಬೇಕೆಂಬ ಪ್ರಶ್ನೆ ಬಂದಿತು. ಆ ಪ್ರಶ್ನೆಯಲ್ಲಿ ಅಮೆರಿಕ ಮತ್ತು ರಷ್ಯಗಳಿಗೆ ಹೊಂದಿಕೆಯಾಗಲಿಲ್ಲ. ರಾಜಕಾರಣಿಗಳ ಸಂಧಾನವು ನಿಂತುಹೋದ ಈ ಎಡೆಯಲ್ಲಿ ಮುಂದಿನ ದಾರಿಯನ್ನು ತೆರೆಯಬೇಕಾದವರು ಭೂಭೌತವಿಜ್ಞಾನಿಗಳಾಗಿದ್ದರೆಂಬುದನ್ನು ನಮ್ಮ ಇತಿಹಾಸಗ್ರಂಥಗಳು ಇನ್ನಷ್ಟು ಒತ್ತಿ ಹೇಳಬೇಕೆಂದು ನನಗನ್ನಿಸುತ್ತದೆ.

ಒಂದೇ ಮಾಪಕದ ಬದಲು ಹಲವನ್ನು ಒಂದು ಕ್ರಮದಲ್ಲಿ ಹರಡಿ ಒಂದಾಗಿ ಕೇಳುವ ವಿಧಾನವನ್ನು ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದವರು ಬೆಳೆಸಿ, ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡದ ಯೆಲ್ಲೋನೈಫ್, ಆಸ್ಟ್ರೇಲಿಯದ ವಾರಮುಂಗ ಎಂಬ ಸ್ಥಳಗಳಲ್ಲಿ ಅದನ್ನು ಪ್ರಯೋಗಕ್ಕೆ ತಂದರು. ಅದೇ ಮಾಲೆಯ ಭಾರತೀಯ ಕೇಂದ್ರ ಗೌರಿಬಿದನೂರಿನದು. ಅಲ್ಲಿಯ ನೆಲ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಸುಮಾರು 250 ಕೋಟಿ ವರ್ಷಗಳಷ್ಟು ಪುರಾತನವಾದ ಗಟ್ಟಿ ಕಗ್ಗಲ್ಲು ಮೇಲ್ಮೈಗೆ ಬಲು ಸಮೀಪದಲ್ಲಿಯೇ ಸಿಕ್ಕುತ್ತದೆ. ದೂರದ ತರಂಗವನ್ನು ಅದು ಹೆಚ್ಚು ಕೆಡಿಸದೆ ತಂದು ಒಪ್ಪಿಸುತ್ತದೆ. ಕಡಲಿನ ತೆರೆಗಳ ಅಪ್ಪಳಿಕೆಯಿಂದಲೇ ಭೂಮಿಯು ಹಗಲಿರುಳೂ ಸಣ್ಣಗೆ ನಡುಗುತ್ತಿರುತ್ತದೆಯಾದುದರಿಂದ ಎರಡು ಕರಾವಳಿಗಳಿಂದಲೂ ದೂರವಿರುವುದು ಮತ್ತೊಂದು ಅನುಕೂಲ.

ಉಪಕರಣವು ತತ್ತ್ವದಲ್ಲಿ ಸರಳವಾದುದು. ಸ್ಪ್ರಿಂಗಿನಿಂದ ತೂಗುಬಿಟ್ಟ ಭಾರವಾದ ಅಯಸ್ಕಾಂತ. ಅದರ ನಡುವೆ ಪೆಟ್ಟಿಗೆಗೆ ಬಿಗಿದ ತಂತಿಯ ಸುರುಳಿ. ನೆಲ ಅಲುಗಿದಾಗ ಪೆಟ್ಟಿಗೆಯೂ ಸುರುಳಿಯೂ ನೆಲದೊಡನೆ ಏರಿಳಿಯುತ್ತವೆ. ಭಾರವಾದ ಅಯಸ್ಕಾಂತವು ತನ್ನ ಜಡತ್ವದಿಂದಾಗಿ ನಿಂತಲ್ಲಿಯೇ ನಿಲ್ಲಬಯಸುತ್ತದೆ. ಈ ಅಂತರದಿಂದ ಸುರುಳಿಯಲ್ಲಿ ಹುಟ್ಟುವ ಅತ್ಯಲ್ಪ ವಿದ್ಯುತ್ತೇ ನೆಲದ ಚಲನೆಯ ಲಿಪಿ. ಅದು ರೇಡಿಯೋ ಮೂಲಕ ಕೇಂದ್ರಕ್ಕೆ ಬಂದು, ಮೊದಲ ದಿನಗಳಲ್ಲಿ ಕಾಂತೀಯ ಸುರುಳಿಪಟ್ಟಿಯ ಮೇಲೆ ಕಾಲದ ಗುರುತಿನೊಡನೆ ದಾಖಲಾಗುತ್ತಿತ್ತು. ಭೂಖಂಡವೊಂದನ್ನು ದಾಟಿ ಬಂದ ಸಣ್ಣ ಸ್ಫೋಟದ ತರಂಗವು ಇಲ್ಲಿಯ ಬಂಡೆಯನ್ನು ಅಲುಗಿಸುವುದಾದರೂ ಎಷ್ಟು? ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದೆರಡು ಭಾಗ. ನೆಲದ ನಿತ್ಯದ ನಡುಕವೂ ಅಷ್ಟೇ ಇರುತ್ತದೆ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು.

ಹಾಗಾದರೆ ಒಂದರಿಂದ ಇನ್ನೊಂದನ್ನು ಬಿಡಿಸುವುದೆಂತು? ತೇರಿನ ಹಗ್ಗಕ್ಕೆ ನೂರು ಜನ ಕೈಹಾಕಿ, ಅವರವರಿಗೆ ತೋಚಿದ ಗಳಿಗೆಯಲ್ಲಿ ಎಳೆದರೆ ಗಾಲಿ ಕದಲುವುದಿಲ್ಲ. ಒಂದೇ ಕೂಗಿಗೆ ಎಲ್ಲರೂ ಎಳೆದರೆ ಕದಲುತ್ತದೆ. ದೂರದಿಂದ ಬಂದ ತರಂಗವು ಇಪ್ಪತ್ತು ಮಾಪಕಗಳನ್ನೂ ಒಂದು ನಿಶ್ಚಿತವಾದ ಸರದಿಯಲ್ಲಿ, ಒಂದೆರಡು ಸೆಕೆಂಡುಗಳ ಅಂತರದೊಳಗೆ ಮುಟ್ಟುತ್ತದೆ. ಆ ವಿಳಂಬವನ್ನು ಲೆಕ್ಕಹಾಕಿ, ಇಪ್ಪತ್ತು ದಾಖಲೆಗಳನ್ನೂ ಅದಕ್ಕೆ ತಕ್ಕಂತೆ ಸರಿಸಿ ಕೂಡಿಸಿದರೆ ತರಂಗವು ಇಪ್ಪತ್ತು ಮಡಿಯಾಗುತ್ತದೆ. ಗೊತ್ತುಗುರಿಯಿಲ್ಲದ ನಡುಕವಾದರೋ ತನ್ನಲ್ಲಿ ತಾನೇ ಕಳೆದುಹೋಗಿ ಸುಮಾರು ನಾಲ್ಕೂವರೆ ಮಡಿಯಷ್ಟೇ ಬೆಳೆಯುತ್ತದೆ. ಅಲ್ಲದೆ, ಯಾವ ಮಾಪಕವು ಮೊದಲು ಅಲುಗಿತೆಂಬುದರಿಂದ ದಿಕ್ಕು ತಿಳಿಯುತ್ತದೆ. ಅಲೆಯು ಸಾಲನ್ನು ಹಾಯ್ದ ವೇಗದಿಂದ ಅದು ಎಷ್ಟು ಕಡಿದಾಗಿ ಮೇಲೆದ್ದು ಬಂದಿತೆಂಬುದೂ, ತನ್ಮೂಲಕ ಎಷ್ಟು ದೂರದಿಂದ ಬಂದಿತೆಂಬುದೂ ತಿಳಿಯುತ್ತವೆ.

ಕೇಳಿದ್ದಾಯಿತು, ಅದು ಭೂಕಂಪವೋ ಸ್ಫೋಟವೋ ಎಂದು ನಿರ್ಣಯಿಸುವುದು ಉಳಿಯಿತು. ಭೂಕಂಪದಲ್ಲಿ ಬಿರುಕಿನ ಇಕ್ಕೆಲದ ಶಿಲೆಗಳು ಒಂದನ್ನೊಂದು ಉಜ್ಜಿಕೊಂಡು ಜಾರುತ್ತವೆ. ಸ್ಫೋಟವು ಸುತ್ತಣ ಶಿಲೆಯನ್ನು ಎಲ್ಲ ದಿಕ್ಕುಗಳಿಗೂ ಹೊರಕ್ಕೆ ನೂಕುತ್ತದೆ. ಆದಕಾರಣ, ಮೊದಲು ಬಂದು ಮುಟ್ಟುವ ಒತ್ತಡದ ಅಲೆಗಳು ಎರಡರಲ್ಲಿಯೂ ಸಮಾನವಾಗಿದ್ದರೂ, ತರುವಾಯ ಮೇಲ್ಮೈಯನ್ನು ಹಿಡಿದು ತೆವಳುತ್ತ ಬರುವ ದೀರ್ಘ ಅಲೆಗಳು ಸ್ಫೋಟದಲ್ಲಿ ಬಹಳ ಕ್ಷೀಣವಾಗಿರುತ್ತವೆ. ಇನ್ನು, ಕಂಪನದ ಮೂಲವು ಹತ್ತಾರು ಕಿಲೋಮೀಟರು ಆಳದಲ್ಲಿದೆಯೆಂದು ಸಿದ್ಧಪಟ್ಟರೆ ಚರ್ಚೆಯೇ ಬೇಡ. ಅಷ್ಟು ಆಳದಲ್ಲಿ ಬಾಂಬನ್ನು ಹೂಳುವ ಸಾಮರ್ಥ್ಯ ಮನುಷ್ಯನಿಗಿಲ್ಲ.

1998ರ ಮೇ ತಿಂಗಳಲ್ಲಿ ಈ ವಿದ್ಯೆಯು ನಮ್ಮ ಮನೆಬಾಗಿಲಿಗೇ ಬಂದಿತು. ಮೇ 11ರಂದು ಸುಮಾರು 1600 ಕಿ.ಮೀ. ದೂರದ ಪೋಖ್ರಾನಿನಲ್ಲಿ ನಮ್ಮವರೇ ನಡೆಸಿದ ಸ್ಫೋಟಗಳ ಅಲೆ ಮೂರೂವರೆ ನಿಮಿಷಗಳಲ್ಲಿಯೂ, ಮೇ 28ರಂದು ಪಾಕಿಸ್ತಾನದ ಚಾಗೈಯದು ನಾಲ್ಕೂವರೆ ನಿಮಿಷಗಳಲ್ಲಿಯೂ ಗೌರಿಬಿದನೂರನ್ನು ಮುಟ್ಟಿದವು. ಸ್ಫೋಟಗಳ ಶಕ್ತಿಯೆಷ್ಟೆಂಬ ವಿಷಯದಲ್ಲಿ ನಮ್ಮ ವಿಜ್ಞಾನಿಗಳಿಗೂ ಪರದೇಶದವರಿಗೂ ನಡೆದ ವಾದವನ್ನು ಕೇವಲ ಹಮ್ಮಿನ ಜಗಳವೆಂದು ತಿಳಿಯಲಾಗದು. ಒಂದೇ ಬಾಂಬು ಗಟ್ಟಿ ಗ್ರಾನೈಟಿನಲ್ಲಿ ಸಿಡಿದಾಗ ಬರುವ ಕಂಪನವೇ ಬೇರೆ, ಸಡಿಲವಾದ ಒಣ ಮಣ್ಣಿನಲ್ಲಿ ಸಿಡಿದಾಗ ಬರುವುದೇ ಬೇರೆ. 1996ರ ಸಮಗ್ರ ಪರೀಕ್ಷಾನಿಷೇಧ ಒಪ್ಪಂದಕ್ಕೆ ಭಾರತವು ಸಹಿ ಹಾಕಿಲ್ಲ. ಆದುದರಿಂದಲೇ, ಪರರ ವರದಿಯನ್ನು ಅವಲಂಬಿಸದೆ ತಾನೇ ಅಳೆದು ನೋಡುವ ಇಂತಹ ಕೇಂದ್ರದ ಅಗತ್ಯ ನಮಗೆ ಇತರರಿಗಿಂತ ಹೆಚ್ಚೆಂಬುದು ನನ್ನ ಅಭಿಪ್ರಾಯ.

ಬಾಂಬಿಗಾಗಿ ಕಟ್ಟಿದ ಕಿವಿಗೆ ಭೂಮಿಯ ಮಾತೂ ಕೇಳಿಸಿತು. ನಮ್ಮ ಕಾಲಕೆಳಗಿನ ಭೂಕವಚವು ಅಲ್ಲಿ ಸುಮಾರು 35 ಕಿ.ಮೀ. ದಪ್ಪವಿದೆಯೆಂಬುದನ್ನು ತಿಳಿಸಿಕೊಟ್ಟದ್ದು ಭೂಕಂಪದ ಅಲೆಗಳೇ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗೌರಿಬಿದನೂರಿಗೆ ಉತ್ತರದಲ್ಲಿ ಸುಮಾರು 500 ಕಿ.ಮೀ. ದೂರದ ಕಿಲ್ಲಾರಿಯಲ್ಲಿ ಭೂಮಿ ಬಿರಿದು ಸಾವಿರಾರು ಜನ ಮಲಗಿದ್ದಲ್ಲಿಯೇ ಮಡಿದಾಗ, ದಕ್ಷಿಣದ ಪ್ರಸ್ಥಭೂಮಿ ಅಚಲವಾದುದೆಂಬ ಹಳೆಯ ನಂಬಿಕೆ ಸಡಿಲಿತು. ಸದಾ ಎಚ್ಚತ್ತಿರುವ ಮಾಪಕಗಳು ಒಳನಾಡಿನಲ್ಲಿ ಎಷ್ಟಿದ್ದರೂ ಸಾಲವೆಂಬುದು ಅಂದು ಅರಿವಾಯಿತು.

ಈ ಶಾಸ್ತ್ರದ ಕಠಿಣ ಸಮಸ್ಯೆಯೊಂದು ಇನ್ನೂ ತೀರಿಲ್ಲ. ನೆಲದೊಳಗೆ ವಿಶಾಲವಾದ ಗುಹೆಯನ್ನು ಮಾಡಿ ಅದರ ನಡುವೆ ಬಾಂಬನ್ನು ಸಿಡಿಸಿದರೆ ಕಂಪನವು ಬಹಳ ಕುಗ್ಗುತ್ತದೆ. 1966ರಲ್ಲಿ ಅಮೆರಿಕದವರು ಮಿಸಿಸಿಪಿಯ ಉಪ್ಪಿನ ಪದರದಲ್ಲಿ ಹೀಗೆ ಮಾಡಿ ನೋಡಿದಾಗ ಅದು ಸುಮಾರು ಎಪ್ಪತ್ತರಲ್ಲೊಂದು ಭಾಗಕ್ಕೆ ಇಳಿಯಿತು. ಈ ಲೆಕ್ಕದಲ್ಲಿ, 1000 ಟನ್ನಿನ ಸ್ಫೋಟವು ಹದಿನಾಲ್ಕು ಟನ್ನಿನದರಂತೆ ತೋರಿ, ಗಣಿಗಳಲ್ಲಿ ದಿನನಿತ್ಯ ಹಾರಿಸುವ ಸಿಡಿಮದ್ದಿನ ನಡುವೆ ಅಡಗಿಬಿಡಬಹುದು. ಗಣಿಯವರು ಕುಳಿಗಳನ್ನು ಏಕಕಾಲಕ್ಕೆ ಹಾರಿಸದೆ, ಸೆಕೆಂಡಿನ ಅಲ್ಪಾಂಶದ ಅಂತರವಿಟ್ಟು ಸಾಲುಸಾಲಾಗಿ ಹಾರಿಸುವರು. ಆ ಅಂತರವು ದಾಖಲೆಯಲ್ಲಿ ತನ್ನದೇ ಆದ ಗುರುತನ್ನು ಬಿಡುತ್ತದೆ, ಅಡಗಿಸಿಟ್ಟ ಬಾಂಬಿಗೆ ಅಂತಹ ಗುರುತಿರುವುದಿಲ್ಲ. ಅಷ್ಟು ಕ್ಷೀಣವಾದ ಅಲೆಗಳಲ್ಲಿ ಆ ಗುರುತನ್ನು ತಪ್ಪದೆ ಓದುವ ಉಪಾಯವನ್ನು ಭೂಕಂಪವಿಜ್ಞಾನಿಗಳು ಈಗಲೂ ಅರಸುತ್ತಿದ್ದಾರೆ.