ಗಡಿಗೆರೆಯೂ ಶಾಲೆಯ ಬಾಗಿಲೂ

ಅಮೆರಿಕದ ರಾಜಕೀಯದ ಮಾತು ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಉತ್ಸಾಹ ಕಾಣುತ್ತದೆ. ಆ ದೇಶ ಮಾಡಿದ್ದೆಲ್ಲ ಅನುಕರಣೀಯ ಎನ್ನುವವರು ಕೆಲವರು. ಅಲ್ಲಿ ನಡೆಯುವುದೆಲ್ಲ ಬಲಾಢ್ಯರ ಆಟ ಎನ್ನುವವರು ಮತ್ತೆ ಕೆಲವರು. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಎರಡರಿಂದಲೂ ಹೆಚ್ಚಿನ ಪ್ರಯೋಜನ ತೋರಿಲ್ಲ. ಶಿಕ್ಷಣವನ್ನು ಕುರಿತು ಆ ದೇಶ ಅರ್ಧ ಶತಮಾನದಿಂದ ನಡೆಸುತ್ತಿರುವ ವಾಗ್ವಾದವನ್ನು ಓದುವಾಗ, ನನ್ನ ತಾಲ್ಲೂಕಾದ ಇಂಡಿಯೂ ನೆರೆಯ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳೂ ಮತ್ತೆ ಮತ್ತೆ ನೆನಪಾಗುತ್ತವೆ. ಅಲ್ಲಿಯೂ ಇಲ್ಲಿಯೂ ಪ್ರಶ್ನೆ ಒಂದೇ: ಹಿಂದುಳಿದವನನ್ನು ಯಾವ ಅಳತೆಗೋಲಿನಿಂದ ಗುರುತಿಸಬೇಕು? ಹುಟ್ಟಿದ ಕುಲದಿಂದಲೋ, ಮನೆಯ ಆದಾಯದಿಂದಲೋ, ಅಥವಾ ವಾಸಿಸುವ ಊರಿನಿಂದಲೋ? ಈ ಮೂರನೆಯ ಅಳತೆಯನ್ನು ಕುರಿತು, ಅಂದರೆ ಊರನ್ನು ಕುರಿತು, ನಾನಿಲ್ಲಿ ನಾಲ್ಕು ಮಾತು ಹೇಳಬಯಸುತ್ತೇನೆ.

ಮೊದಲು ಅಮೆರಿಕದ ಸಂಗತಿ. 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬ್ಯಾಕಿ ಎಂಬುವರ ಮೊಕದ್ದಮೆಯಲ್ಲಿ ಒಂದು ಮಧ್ಯಮಮಾರ್ಗ ಹಿಡಿದಿತ್ತು. ಕಾಲೇಜುಗಳು ಜನಾಂಗದ ಆಧಾರದ ಮೇಲೆ ಇಷ್ಟು ಸೀಟು ಎಂದು ಮೀಸಲಿಡಕೂಡದು. ಆದರೆ ಅಭ್ಯರ್ಥಿಯನ್ನು ಆರಿಸುವಾಗ ಜನಾಂಗವನ್ನೂ ಒಂದು ಅಂಶವಾಗಿ ಗಮನಿಸಬಹುದು ಎಂಬುದು ಅದರ ಸಾರಾಂಶ. ಈ ವ್ಯವಸ್ಥೆ ನಲವತ್ತೈದು ವರ್ಷ ನಡೆಯಿತು. 2023ರ ಜೂನ್ 29ರಂದು, ಹಾರ್ವರ್ಡ್ ಹಾಗೂ ಉತ್ತರ ಕ್ಯಾರೊಲಿನ ವಿಶ್ವವಿದ್ಯಾಲಯಗಳ ಪ್ರಕರಣಗಳಲ್ಲಿ ಅದೇ ಕೋರ್ಟು ಆ ಬಾಗಿಲನ್ನೂ ಮುಚ್ಚಿತು. ತನ್ನ ಬದುಕಿನ ಮೇಲೆ ಜನಾಂಗಭೇದ ಬೀರಿದ ಪರಿಣಾಮವನ್ನು ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ಬರೆದುಕೊಳ್ಳಬಹುದು. ಆದರೆ ಜನಾಂಗವೆಂಬುದೇ ಪ್ರವೇಶಕ್ಕೆ ಕಾರಣವಾಗಕೂಡದು ಎಂದು ಬಹುಮತದ ತೀರ್ಪು ಹೇಳಿತು. ಹಾಗಾದರೆ ಶತಮಾನಗಳ ಅನ್ಯಾಯಕ್ಕೆ ಪರಿಹಾರವೇನು ಎಂಬ ಪ್ರಶ್ನೆ ಉಳಿದೇ ಉಳಿಯಿತು.

ಈ ಪ್ರಶ್ನೆಯ ಬೇರು ಕಾಲೇಜಿನಲ್ಲಿಲ್ಲ, ಶಾಲೆಯಲ್ಲಿದೆ. ಅಮೆರಿಕದ ಸರ್ಕಾರಿ ಶಾಲೆಗಳ ಖರ್ಚಿನ ದೊಡ್ಡ ಭಾಗವೊಂದು ಆಯಾ ಊರಿನ ಮನೆ-ನಿವೇಶನಗಳ ಮೇಲಿನ ತೆರಿಗೆಯಿಂದ ಬರುತ್ತದೆ. ಆದ್ದರಿಂದ ಸಿರಿವಂತರ ಬಡಾವಣೆಯಲ್ಲಿ ಸಿರಿವಂತ ಶಾಲೆ, ಬಡವರ ಬಡಾವಣೆಯಲ್ಲಿ ಬಡ ಶಾಲೆ. ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದ ಉದಾಹರಣೆ ಪ್ರಸಿದ್ಧವಾದದ್ದು. ಅಲ್ಲಿ ಎಜ್‌ವುಡ್ ಎಂಬುದು ಮೆಕ್ಸಿಕನ್ ಮೂಲದ ದುಡಿಯುವ ಜನರ ಶಾಲಾ ವಲಯ. ಅಲಾಮೊ ಹೈಟ್ಸ್ ಎಂಬುದು ಅನುಕೂಲಸ್ಥರ ವಲಯ. 1967-68ರ ಲೆಕ್ಕದಂತೆ ಎಜ್‌ವುಡ್‌ನ ಜನ ನೂರು ಡಾಲರ್ ಮೌಲ್ಯದ ಆಸ್ತಿಗೆ ಒಂದು ಡಾಲರ್ ಐದು ಸೆಂಟ್ ತೆರಿಗೆ ಕೊಡುತ್ತಿದ್ದರು. ಅಲಾಮೊ ಹೈಟ್ಸ್‌ನವರು ಕೇವಲ 85 ಸೆಂಟ್. ಆದರೂ ಆ ತೆರಿಗೆಯಿಂದ ಶಾಲೆಗೆ ಬಂದದ್ದು ಎಜ್‌ವುಡ್‌ನಲ್ಲಿ ಮಗುವೊಂದಕ್ಕೆ 26 ಡಾಲರ್. ಅಲಾಮೊ ಹೈಟ್ಸ್‌ನಲ್ಲಿ 333 ಡಾಲರ್. ರಾಜ್ಯದ ಹಾಗೂ ಕೇಂದ್ರದ ನೆರವು ಸೇರಿಸಿದ ಮೇಲೂ ಒಂದು ಕಡೆ 356, ಇನ್ನೊಂದು ಕಡೆ 594. ಬಡವ ಹೆಚ್ಚಿನ ದರದಲ್ಲಿ ತೆತ್ತು ಕಡಿಮೆ ಪಡೆದ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಲೆಕ್ಕ ಬೇಕೆ?

ಲೋಹದ ತಗಡಿನ ಕೆಲಸಗಾರರಾಗಿದ್ದ ಡಿಮೆಟ್ರಿಯೊ ರಾಡ್ರಿಗಸ್ ಮತ್ತು ಆ ವಲಯದ ಇತರ ತಂದೆತಾಯಿಗಳು 1968ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದರು. 1973ರ ಮಾರ್ಚ್ 21ರಂದು ಸುಪ್ರೀಂ ಕೋರ್ಟು, ಐವರು ಒಂದು ಕಡೆ ನಾಲ್ವರು ಇನ್ನೊಂದು ಕಡೆಯಾಗಿ, ಅವರ ವಿರುದ್ಧ ತೀರ್ಪಿತ್ತಿತು. ಶಿಕ್ಷಣವು ಕೇಂದ್ರ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದಿತು. ಶಾಲೆಗಳಲ್ಲಿನ ವರ್ಣಭೇದದ ವಿರುದ್ಧ 1954ರ ತೀರ್ಪನ್ನು ವಕೀಲರಾಗಿ ಗೆದ್ದುಕೊಟ್ಟಿದ್ದ ಥರ್ಗುಡ್ ಮಾರ್ಷಲ್ ಈ ಬಾರಿ ನ್ಯಾಯಾಧೀಶರ ಪೀಠದಲ್ಲಿದ್ದು ಭಿನ್ನಮತ ಬರೆದರು. ಮುಂದೆ 1989ರಲ್ಲಿ ಟೆಕ್ಸಸ್ಸಿನದೇ ಸರ್ವೋಚ್ಚ ನ್ಯಾಯಾಲಯ, ತನ್ನ ರಾಜ್ಯದ ಸಂವಿಧಾನವನ್ನು ಆಧರಿಸಿ, ಎಜ್‌ವುಡ್‌ನ ಪರವಾಗಿ ನಿಂತಿತು. ಹೀಗೆ ಅಲ್ಲಿ ಶಿಕ್ಷಣದ ನ್ಯಾಯ ರಾಜ್ಯ ರಾಜ್ಯಕ್ಕೆ ಬೇರೆಯಾಯಿತು. ಕೇಂದ್ರದಲ್ಲಿ ಪ್ರತ್ಯೇಕ ಶಿಕ್ಷಣ ಇಲಾಖೆಗೆ ಕಾನೂನು ಆದದ್ದೇ 1979ರಲ್ಲಿ. ಅದನ್ನೂ ಮುಚ್ಚುವ ದಿಕ್ಕಿನಲ್ಲಿ ಕ್ರಮ ಕೈಗೊಳ್ಳುವಂತೆ ಅಧ್ಯಕ್ಷ ಟ್ರಂಪ್ 2025ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿದರು. ಶಾಲೆ ಆಯಾ ಊರಿನವರ ಹೊಣೆ ಎಂಬ ವಾದಕ್ಕೆ ಅಲ್ಲಿ ಬಲವಾದ ಬೆಂಬಲವಿದೆ. ಆ ವಾದದಲ್ಲಿ ಸ್ವಾತಂತ್ರ್ಯದ ಮಾತಿದೆ, ಸುಳ್ಳಲ್ಲ. ಆದರೆ ಎಜ್‌ವುಡ್‌ನ ಮಗುವಿಗೆ ಅದರಿಂದ ದೊರೆತದ್ದು 26 ಡಾಲರಿನ ಸ್ವಾತಂತ್ರ್ಯ ಎಂಬುದನ್ನು ಮರೆಯಲಾಗದು.

ಅದೇ ಟೆಕ್ಸಸ್ ಒಂದು ಕುತೂಹಲಕರ ಪ್ರಯೋಗವನ್ನೂ ಮಾಡಿದೆ. 1996ರಲ್ಲಿ ಫೆಡರಲ್ ನ್ಯಾಯಾಲಯವೊಂದು ಅಲ್ಲಿನ ವಿಶ್ವವಿದ್ಯಾಲಯದ ಕಾನೂನು ಶಿಕ್ಷಣದ ಪ್ರವೇಶದಲ್ಲಿ ಜನಾಂಗದ ಪರಿಗಣನೆಯನ್ನು ತಡೆಯಿತು. ಮರುವರ್ಷವೇ, 1997ರಲ್ಲಿ, ರಾಜ್ಯದ ಶಾಸನಸಭೆ ಒಂದು ಕಾನೂನು ಮಾಡಿತು: ರಾಜ್ಯದ ಯಾವುದೇ ಪ್ರೌಢಶಾಲೆಯಲ್ಲಿ ತನ್ನ ತರಗತಿಯ ಮೊದಲ ಹತ್ತು ಪ್ರತಿಶತದೊಳಗೆ ನಿಂತ ವಿದ್ಯಾರ್ಥಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಖಚಿತ. ಇಲ್ಲಿ ಕುಲ ಕೇಳುವುದಿಲ್ಲ. ಇಡೀ ರಾಜ್ಯದ ಸರತಿಯ ಸಾಲಿನಲ್ಲಿ ನಿಲ್ಲಿಸುವುದೂ ಇಲ್ಲ. ಅದೇ ಬೆಂಚಿನಲ್ಲಿ ಕುಳಿತು, ಅದೇ ಮೇಷ್ಟರಿಂದ ಕಲಿತವರ ನಡುವೆ ನೀನು ಎಷ್ಟು ಮುಂದೆ ಬಂದೆ ಎಂಬುದೊಂದೇ ಪ್ರಶ್ನೆ. ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲಿ ಸೀಟುಗಳೆಲ್ಲ ಹೀಗೆಯೇ ತುಂಬತೊಡಗಿದಾಗ, 2009ರಲ್ಲಿ ಅಲ್ಲಿಗೆ ಮಾತ್ರ ಒಂದು ಮಿತಿ ಹಾಕಿದರು. ಜನಾಂಗವಾರು ಬೇರೆ ಬೇರೆಯಾಗಿಯೇ ಉಳಿದ ಶಾಲೆಗಳಿರುವುದರಿಂದಲೇ ಈ ಸೂತ್ರ ಫಲ ಕೊಡುತ್ತದೆ ಎಂದು ಅಲ್ಲಿನ ವಿಮರ್ಶಕರು ಆಕ್ಷೇಪಿಸುತ್ತಾರೆ. ಆಕ್ಷೇಪ ನಿಜ. ಆದರೂ ದೂರದ ಊರಿನ ಶಾಲೆಯೊಂದರಲ್ಲಿ ಕಲಿತ ಹುಡುಗಿಯೂ ತನ್ನ ಶಾಲೆಯಿಂದಲೇ ವಿಶ್ವವಿದ್ಯಾಲಯಕ್ಕೆ ದಾರಿಯಿದೆ ಎಂದು ನಂಬುವಂತಾದದ್ದು ಸಣ್ಣ ಮಾತಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು 1956ರ ವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಸಿಂದಗಿಯ ಆಚೆಯ ಅಫಜಲಪುರ, ಜೇವರ್ಗಿ, ಮುದ್ದೇಬಿಹಾಳದ ಆಚೆಯ ಸುರಪುರ ಹೈದರಾಬಾದ್ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯವಾದವು. ಬಿಸಿಲು ಒಂದೇ, ಎರೆಹೊಲ ಒಂದೇ, ತಟ್ಟೆಯ ಮೇಲಿನ ಜೋಳದ ರೊಟ್ಟಿಯೂ ಒಂದೇ. ಹೆಣ್ಣು ಕೊಟ್ಟು ತರುವ ಸಂಬಂಧಗಳಿಗೆ ಭೀಮಾನದಿ ಎಂದೂ ಅಡ್ಡಿಯಾಗಿಲ್ಲ. ಆದರೆ ಪ್ರವೇಶದ ಅರ್ಜಿ ತುಂಬುವ ದಿನ ಆ ಹಳೆಯ ರಾಜ್ಯಗಳ ಗಡಿಗೆರೆ ಮತ್ತೆ ಎದ್ದು ನಿಲ್ಲುತ್ತದೆ.

ಅದಕ್ಕೆ ಕಾರಣ ಸಂವಿಧಾನದ 371ನೆಯ ಜೆ ವಿಧಿ. 98ನೆಯ ತಿದ್ದುಪಡಿಯ ಮೂಲಕ ಬಂದ ಇದು 2013ರಲ್ಲಿ ಜಾರಿಯಾಯಿತು. ಇಂದು ಕಲ್ಯಾಣ ಕರ್ನಾಟಕವೆಂದು ಕರೆಯುವ ಪ್ರದೇಶದಲ್ಲಿ ಹುಟ್ಟಿದವರಿಗೆ ಅಥವಾ ನೆಲೆಸಿದವರಿಗೆ, ಆ ಪ್ರದೇಶದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಸೀಟು ಮೀಸಲು, ನೌಕರಿಯಲ್ಲಿಯೂ ಪಾಲುಂಟು. ನನ್ನ ಸೋದರಮಾವನ ಮಗ ಅಫಜಲಪುರ ತಾಲ್ಲೂಕಿನವನು. ಅವನಿಗೂ ನನಗೂ ಬಂದ ಅಂಕಗಳು ಹೆಚ್ಚುಕಡಿಮೆ ಸಮ. ಅವನ ಮನೆಯ ಹೊಲ ನಮ್ಮದಕ್ಕಿಂತ ಎರಡೆಕರೆ ಹೆಚ್ಚೇ. ಅವನಿಗೆ ದೊರೆತ ಸೀಟು ನನಗೆ ದೊರೆಯಲಿಲ್ಲ. ಇದರಿಂದ ಅವನ ಮೇಲೆ ನನಗೆ ಅಸೂಯೆ ಹುಟ್ಟಿಲ್ಲ, ಹುಟ್ಟಲೂಬಾರದು. ಅವನ ಸೀಟು ಕಿತ್ತು ನನಗೆ ಕೊಡಿರೆಂಬುದು ನನ್ನ ವಾದವಲ್ಲ.

ಏಕೆಂದರೆ 371ನೆಯ ಜೆ ವಿಧಿಯ ಹಿಂದೆ ನ್ಯಾಯವಾದ ಕಾರಣವಿದೆ. ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅದು ಜಿಲ್ಲೆಯನ್ನಾಗಲಿ ಹಳೆಯ ಸಂಸ್ಥಾನವನ್ನಾಗಲಿ ಘಟಕವೆಂದು ಹಿಡಿಯಲಿಲ್ಲ. ಆಗಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆಯಿತು. ಕೃಷಿ, ಉದ್ಯೋಗ, ಆರೋಗ್ಯ, ಶಿಕ್ಷಣ ಮುಂತಾದವುಗಳ 35 ಸೂಚಿಗಳನ್ನು ಸೇರಿಸಿ, ರಾಜ್ಯದ ಸರಾಸರಿಯನ್ನು ಒಂದು ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿರುವ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು; ಆ 39ರಲ್ಲಿ 21 ಗುಲಬರ್ಗಾ ವಿಭಾಗದವು. ಆದ್ದರಿಂದ ಆ ಪ್ರದೇಶಕ್ಕೆ ವಿಶೇಷ ರಕ್ಷಣೆ ದೊರೆತದ್ದು ಯೋಗ್ಯವೇ. ಆದರೆ ಅದೇ ವರದಿಯ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಇಂಡಿಯೂ ಇದೆ, ಸಿಂದಗಿಯೂ ಇದೆ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳೂ ಇವೆ. ಅಳತೆ ಮಾಡಿದ್ದು ತಾಲ್ಲೂಕಿನ ಗೋಲಿನಿಂದ. ಬಾಗಿಲು ತೆರೆದದ್ದು ಪ್ರದೇಶದ ಕೀಲಿಕೈಯಿಂದ. ನಮ್ಮ ಕಷ್ಟವೆಲ್ಲ ಈ ಎರಡರ ನಡುವಿನ ಅಂತರದಲ್ಲಿದೆ.

ಗೆರೆ ಇತಿಹಾಸದ್ದು, ಅದನ್ನು ಬದಲಿಸಲಾಗದು ಎಂದು ಕೆಲವರು ಹೇಳಬಹುದು. ಆದರೆ ಬಳ್ಳಾರಿ ನಿಜಾಮರ ಆಳಿಕೆಯಿಂದ ಬಂದದ್ದಲ್ಲ. ಅದು ಮದ್ರಾಸ್ ಪ್ರಾಂತದಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿದ ಜಿಲ್ಲೆ. ಆದರೂ 371ನೆಯ ಜೆ ವಿಧಿಯ ಪ್ರಯೋಜನ ಅದಕ್ಕೂ ದೊರೆಯಿತು, ದೊರೆಯಬೇಕಾದ್ದೇ. ಅಂದರೆ ಅಗತ್ಯ ಕಂಡಾಗ ಇತಿಹಾಸದ ಗೆರೆಯೂ ಬಾಗುತ್ತದೆ ಎಂದಾಯಿತು.

ಊರನ್ನು ಅಳತೆಯಾಗಿ ಬಳಸುವ ಇನ್ನೊಂದು ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಉಂಟು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ವೃತ್ತಿಶಿಕ್ಷಣದ ಪ್ರವೇಶದಲ್ಲಿ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಸೀಟುಗಳು ಮೀಸಲು. ಇದು ಒಳ್ಳೆಯ ವ್ಯವಸ್ಥೆ. ಆದರೆ ತಂದೆ ಹಮಾಲಿ ಕೆಲಸಕ್ಕೆಂದು ಇಂಡಿ ಅಥವಾ ಸಿಂದಗಿಯಂಥ ಪುರಸಭೆಯ ಊರಿಗೆ ಬಂದು ನಿಂತರೆ, ಮಗ ಅಲ್ಲಿ ಓದಿದ ವರ್ಷಗಳು ಗ್ರಾಮೀಣವಲ್ಲ. ಬೆಂಗಳೂರಿನ ಅಂಚಿನ ಹಳ್ಳಿಯಲ್ಲಿ ಓದಿದವನು ಗ್ರಾಮೀಣ, ಇಂಡಿಯ ಗಲ್ಲಿಯಲ್ಲಿ ಓದಿದವನು ನಾಗರಿಕ! ಅಳತೆಗೋಲು ಸರಿಯಿದ್ದರೂ ಗುರುತು ಹಾಕಿದ ಜಾಗ ತಪ್ಪಿದರೆ ಹೀಗಾಗುತ್ತದೆ.

ಅಮೆರಿಕಕ್ಕೂ ನಮಗೂ ಇರುವ ಒಂದು ಮುಖ್ಯ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ಶಿಕ್ಷಣ 2002ರ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳ ಮೂಲಭೂತ ಹಕ್ಕಾಗಿದೆ. ಸರ್ಕಾರಿ ಶಾಲೆಯ ಶಿಕ್ಷಕರ ಸಂಬಳ ರಾಜ್ಯದ ಬೊಕ್ಕಸದಿಂದ ಬರುತ್ತದೆ. ಇಂಡಿಗೂ ಬೆಂಗಳೂರಿಗೂ ಮೂಲವೇತನದ ಶ್ರೇಣಿ ಒಂದೇ. ಅಲ್ಲಿನ ಅಸಮಾನತೆ ಹಣದ ದಾರಿಯಿಂದ ಬಂತು. ಇಲ್ಲಿ ಅದು ಖಾಲಿ ಕುರ್ಚಿಯ ದಾರಿಯಿಂದ ಬರುತ್ತದೆ. ಹುದ್ದೆ ಕಾಗದದ ಮೇಲಿರುತ್ತದೆ, ಗಣಿತದ ಮೇಷ್ಟರು ಇರುವುದಿಲ್ಲ. ವರ್ಗಾವಣೆ ಬಯಸಿದವರು ಹೋಗುತ್ತಾರೆ, ಅತಿಥಿ ಶಿಕ್ಷಕರು ಬರುತ್ತಾರೆ, ವರ್ಷದ ಕೊನೆಗೆ ಅವರೂ ಹೋಗುತ್ತಾರೆ. ಅಂಥ ತರಗತಿಯಿಂದ ಬಂದವನು ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಪಡೆದ ಸ್ಥಾನವೂ, ಕೋಟಾ ಕಟ್ಟಿ ಕಲಿಸುವ ನಗರದಿಂದ ಬಂದವನ ಸ್ಥಾನವೂ ಒಂದೇ ತೂಕದವು ಎಂದು ಹೇಗೆ ಹೇಳುವುದು?

ಹೀಗಾಗಿ ನನ್ನ ಅಭಿಪ್ರಾಯ ಮೂರು ಅಂಶಗಳಲ್ಲಿದೆ. ಮೊದಲನೆಯದು, ಹಿಂದುಳಿದಿರುವಿಕೆಯನ್ನು ತಾಲ್ಲೂಕಿನ ಮಟ್ಟದಲ್ಲಿ ಅಳೆಯಬೇಕು. ಪ್ರತಿ ಜನಗಣತಿಯ ನಂತರ ಮತ್ತೆ ಅಳೆಯಬೇಕು. ಆಲಮೇಲ, ಚಡಚಣ, ತಾಳಿಕೋಟೆ, ದೇವರ ಹಿಪ್ಪರಗಿಗಳಂಥ ಹೊಸ ತಾಲ್ಲೂಕುಗಳು ಹುಟ್ಟಿರುವಾಗ 2002ರ ಪಟ್ಟಿಯನ್ನೇ ನೆಚ್ಚುವುದು ಸಲ್ಲದು. ಪ್ರಾದೇಶಿಕ ಅಸಮತೋಲನವನ್ನು ಮರುಪರಿಶೀಲಿಸಲು ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ 2024ರಲ್ಲಿ ಸಮಿತಿಯನ್ನು ನೇಮಿಸಿದ್ದು ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ. ಎರಡನೆಯದು, ಹಿಂದುಳಿದ ತಾಲ್ಲೂಕುಗಳ ಪ್ರತಿಯೊಂದು ಸರ್ಕಾರಿ ಪದವಿಪೂರ್ವ ಕಾಲೇಜಿನಿಂದಲೂ ಮೊದಲ ಕೆಲವು ಸ್ಥಾನ ಪಡೆದವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಖಚಿತ ಪ್ರವೇಶವಿರಲಿ. ವೈದ್ಯಕೀಯಕ್ಕೆ ರಾಷ್ಟ್ರಮಟ್ಟದ ನೀಟ್ ಇರುವುದರಿಂದ ಅಲ್ಲಿ ಇದು ಸಾಗದು. ಕಲೆ, ವಿಜ್ಞಾನ, ವಾಣಿಜ್ಯ, ಶಿಕ್ಷಕ ತರಬೇತಿಗಳಲ್ಲಿ ಖಂಡಿತ ಸಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸೀಟಿಗಿಂತ ಮೊದಲು ಶಿಕ್ಷಕ. ಈ ತಾಲ್ಲೂಕುಗಳ ಖಾಲಿ ಹುದ್ದೆಗಳನ್ನು ಎಲ್ಲಕ್ಕೂ ಮುಂಚೆ ತುಂಬಬೇಕು.

ಹೀಗೆ ಒಂದೊಂದು ತಾಲ್ಲೂಕೂ ಪಾಲು ಕೇಳಹೊರಟರೆ ರಾಜ್ಯವೇ ಚೂರಾಗುವುದಿಲ್ಲವೆ ಎಂದು ಹಿರಿಯರು ಕೇಳಬಹುದು. ಆ ಭಯಕ್ಕೆ ಆಧಾರವಿಲ್ಲದಿಲ್ಲ. ಆದರೆ ಅಳತೆ ಎಲ್ಲರಿಗೂ ಒಂದೇ ಆಗಿ, ಮುಂದೆ ಬಂದ ತಾಲ್ಲೂಕು ಪಟ್ಟಿಯಿಂದ ಹೊರಗೆ ಹೋಗುವಂತಿದ್ದರೆ, ಅದು ಪಾಲಿಗಾಗಿ ನಡೆಯುವ ಜಗಳವಾಗದು. ಚೂರಾಗಿಸುವುದು ಅಳತೆಯಲ್ಲ, ಒಂದೇ ಬಡತನಕ್ಕೆ ಎರಡು ಬೆಲೆ ಕಟ್ಟುವುದು.

ಎಜ್‌ವುಡ್‌ನ ತಂದೆತಾಯಿಗಳು ಕೇಳಿದ್ದು ಅಲಾಮೊ ಹೈಟ್ಸ್‌ನ ಶಾಲೆಯನ್ನು ಮುಚ್ಚಿರೆಂದಲ್ಲ. ತಮ್ಮ ಮಕ್ಕಳಿಗೂ ಅಂಥ ಶಾಲೆ ಬೇಕೆಂದು. ಸಿಂದಗಿಯ, ಮುದ್ದೇಬಿಹಾಳದ ವಿದ್ಯಾರ್ಥಿಗಳು ಕೇಳಬೇಕಾದದ್ದೂ ಅಷ್ಟೇ. ಆಚೆ ದಡದ ಅಣ್ಣತಮ್ಮಂದಿರಿಗೆ ತೆರೆದ ಬಾಗಿಲು ತೆರೆದೇ ಇರಲಿ. ಅದೇ ಅಳತೆಗೆ ಸಲ್ಲುವ ಈಚೆ ದಡದವರಿಗೂ ಒಂದು ಬಾಗಿಲು ತೆರೆಯಲಿ. ಮತ ಕೇಳಲು ನಮ್ಮ ಊರುಗಳಿಗೆ ಬರುವವರ ಮುಂದೆ ರಸ್ತೆ, ನೀರುಗಳ ಬೇಡಿಕೆಯ ಜೊತೆಗೆ ಈ ಪ್ರಶ್ನೆಯನ್ನೂ ಇಡುವ ಹೊಣೆ ವಿದ್ಯಾರ್ಥಿಗಳಾದ ನಮ್ಮ ಮೇಲಿದೆ.