ನಿಮಗಿದು ಗೊತ್ತೇ? ಜೇಬಿನೊಳಗಿನ ಹಾಡಿನ ಡಬ್ಬಿ

ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಒಂದು ಒಳ್ಳೆಯ ರೇಷ್ಮೆಗೂಡನ್ನು ಬಿಚ್ಚಿದರೆ 700 ಮೀಟರಿಗೂ ಉದ್ದದ ಒಂದೇ ಎಳೆ ಸಿಗುತ್ತದೆ. 90 ನಿಮಿಷದ ಕ್ಯಾಸೆಟ್ಟಿನ ಟೇಪು ಎಷ್ಟುದ್ದ ಗೊತ್ತೇ? ಸುಮಾರು 130 ಮೀಟರು, ಅಷ್ಟೇ. ಅಷ್ಟಕ್ಕೇ ಅದು ಟೇಪ್‌ರೆಕಾರ್ಡರಿಗೆ ಸಿಕ್ಕಿಕೊಂಡು ನಮ್ಮನ್ನು ಆ ಪಾಟಿ ಗೋಳಾಡಿಸುತ್ತಿತ್ತು!

ರೇಷ್ಮೆಗೂ ಹಾಡಿಗೂ ಇನ್ನೊಂದು ನಂಟಿದೆ. ಒಳ್ಳೆಯ ಸ್ಪೀಕರುಗಳಲ್ಲಿ ತಾರಸ್ವರ ಹೊರಡಿಸುವ ಪುಟ್ಟ ಟ್ವೀಟರಿನ ಗುಮ್ಮಟವನ್ನು ರೇಷ್ಮೆ ಬಟ್ಟೆಗೆ ಲೇಪ ಕೊಟ್ಟು ಮಾಡುವುದುಂಟು. ‘ಸಿಲ್ಕ್ ಡೋಮ್’ ಎಂದು ಡಬ್ಬದ ಮೇಲೇ ಬರೆದಿರುತ್ತದೆ.

ಎಂಪಿ3 ಎಂಬ ಹೆಸರಿಗೂ ಹುಟ್ಟಿದ ದಿನವಿದೆ: 1995ರ ಜುಲೈ 14. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳು ತಮ್ಮತಮ್ಮಲ್ಲೇ ಅಭಿಪ್ರಾಯ ಕೇಳಿ ಫೈಲಿಗೆ ಆ ಬಾಲ ಅಂಟಿಸಿದರು. 2017ರ ಏಪ್ರಿಲಿನಲ್ಲಿ ಅವರು ಪರವಾನಗಿ ಶುಲ್ಕ ನಿಲ್ಲಿಸಿದಾಗ ‘ಎಂಪಿ3 ಸತ್ತಿತು’ ಎಂದು ಸುದ್ದಿ ಹಬ್ಬಿತು. ನಿಜಕ್ಕೂ ಆದದ್ದು ಪೇಟೆಂಟುಗಳ ಅವಧಿ ಮುಗಿದು ಅದು ಎಲ್ಲರಿಗೂ ಪುಕ್ಕಟೆಯಾದದ್ದು.

1998ರಲ್ಲಿ ಕೊರಿಯಾದ ಸೇಹಾನ್ ಕಂಪನಿ ಮಾರುಕಟ್ಟೆಗೆ ತಂದ ‘ಎಂಪಿಮ್ಯಾನ್’ ಪ್ಲೇಯರಿನ ನೆನಪು ಬರೀ 32 ಎಂಬಿ. ಎಂಟು ಹಾಡು ತುಂಬಿದರೆ ಭರ್ತಿ. ಅದೇ ವರ್ಷ ಬಂದ ಅಮೆರಿಕದ ‘ರಿಯೊ’ ಪ್ಲೇಯರಿನ ಮೇಲೆ ರೆಕಾರ್ಡ್ ಕಂಪನಿಗಳ ಸಂಘ ದಾವೆ ಹೂಡಿತು. 1999ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದದ್ದು ಪ್ಲೇಯರು. ಆ ತೀರ್ಪು ಉಲ್ಟಾ ಬಂದಿದ್ದರೆ 2001ರ ಅಕ್ಟೋಬರಿನಲ್ಲಿ ಐಪಾಡ್ ಬರುತ್ತಿತ್ತೋ ಇಲ್ಲವೋ.

ಆ ಐಪಾಡನ್ನೂ ಆಪಲ್ 2022ರ ಮೇ 10ರಂದು ನಿಲ್ಲಿಸಿತು. ಫೋನೇ ಹಾಡುವಾಗ ಬೇರೆ ಪ್ಲೇಯರ್ ಯಾಕೆ ಎಂಬ ಪ್ರಶ್ನೆ ನ್ಯಾಯವೇ. ಉತ್ತರ ಬೇಕಿದ್ದರೆ ಶಿಡ್ಲಘಟ್ಟದ ಯಾವುದಾದರೂ ರೀಲಿಂಗ್ ಘಟಕದೊಳಗೆ ಒಂದು ಗಳಿಗೆ ನಿಲ್ಲಿ. ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕುವ ಕೈ ಹೊತ್ತೆಲ್ಲ ಒದ್ದೆ. ಬೆರಳ ತುದಿಯ ವಿದ್ಯುದಂಶವನ್ನು ಗುರುತಿಸಿ ಕೆಲಸ ಮಾಡುವ ಟಚ್‌ಸ್ಕ್ರೀನಿಗೆ ನೀರಿನ ಹನಿ ಯಾವುದು, ಬೆರಳು ಯಾವುದು ತಿಳಿಯುವುದಿಲ್ಲ. ಒಂದು ಒತ್ತಿದರೆ ಇನ್ನೊಂದು ತೆರೆಯುತ್ತದೆ. ಗುಂಡಿಗೆ ಆ ತಕರಾರಿಲ್ಲ. ಕಣ್ಣು ಮಂಜಾದ ಅಜ್ಜಿಗೂ ಅಷ್ಟೇ, ಮುಟ್ಟಿದರೆ ಗುರುತು ಸಿಗುವ ಗುಂಡಿ ಬೇಕು. 2017ರಲ್ಲಿ ಸಾರೆಗಾಮಾ ಕಂಪನಿ ಹಳೇ ರೇಡಿಯೊ ರೂಪದಲ್ಲಿ 5,000 ಹಿಂದಿ ಹಾಡು ತುಂಬಿ ಬಿಟ್ಟ ‘ಕಾರವಾನ್’ ಗೆದ್ದದ್ದೂ, ಆಮೇಲೆ ಕನ್ನಡದಲ್ಲೂ ಬಂದದ್ದೂ ಇದೇ ಕಾರಣಕ್ಕೆ. ಪ್ಲೇಯರ್ ಕೊಳ್ಳುವವರು ಮೊದಲು ನೋಡಬೇಕಾದ್ದು ಗುಂಡಿಗಳನ್ನು. ಪರದೆಯ ಚಂದ ಆಮೇಲೆ.

ಒಂದು ಸುಲಭ ಲೆಕ್ಕ ನೆನಪಿಟ್ಟುಕೊಳ್ಳಿ. 128 ಕೆಬಿಪಿಎಸ್ ಎಂಪಿ3ಯಲ್ಲಿ ಒಂದು ನಿಮಿಷದ ಹಾಡಿಗೆ ಹೆಚ್ಚುಕಡಿಮೆ 1 ಎಂಬಿ ಬೇಕು. 320 ಕೆಬಿಪಿಎಸ್ ಆದರೆ 2.4 ಎಂಬಿ. ಸಿಡಿಯಲ್ಲಿದ್ದಂತೆಯೇ ಇಟ್ಟರೆ 10 ಎಂಬಿಗೂ ಮೇಲೆ. ಅಂದರೆ 32 ಜಿಬಿ ಕಾರ್ಡಿನಲ್ಲಿ ನಾಲ್ಕು ನಿಮಿಷದ ಹಾಡುಗಳು ಮೊದಲ ಲೆಕ್ಕಕ್ಕೆ 8,000, ಎರಡನೆಯದಕ್ಕೆ ಸುಮಾರು 3,300. ಬಸ್ಸಿನಲ್ಲಿ, ತೋಟದಲ್ಲಿ ಕೇಳುವವರಿಗೆ 320 ಧಾರಾಳವಾಯಿತು.

ಅಗ್ಗದ ಬಹಳಷ್ಟು ಪ್ಲೇಯರುಗಳು 32 ಜಿಬಿಗಿಂತ ದೊಡ್ಡ ಕಾರ್ಡನ್ನು ಗುರುತಿಸುವುದಿಲ್ಲ. ಅಂಗಡಿಯವನ ಮೋಸ ಎಂದು ಜಗಳಕ್ಕೆ ಹೋಗಬೇಡಿ. 32ರವರೆಗಿನ ಕಾರ್ಡುಗಳದು ಒಂದು ಜಾತಿ, ಅಲ್ಲಿಂದ ಮೇಲಿನವು ಇನ್ನೊಂದು. ಒಳಗೆ ಫೈಲುಗಳನ್ನು ಜೋಡಿಸುವ ಪದ್ಧತಿಯೇ ಬೇರೆ.

ಹಾಡುಗಳು ಹೆಸರಿನ ಅನುಕ್ರಮದಲ್ಲಿ ಬರುತ್ತಿಲ್ಲವೇ? ಎಷ್ಟೋ ಪ್ಲೇಯರುಗಳು ಕಾರ್ಡಿಗೆ ಯಾವ ಹಾಡು ಮೊದಲು ಹೋಯಿತೋ ಅದನ್ನೇ ಮೊದಲು ಹಾಡುತ್ತವೆ. ಫೈಲಿನ ಹೆಸರಿನ ಮುಂದೆ 001, 002 ಎಂದು ಹಾಕಿ, ಅದೇ ಸಾಲಿನಲ್ಲಿ ತುಂಬಿ.

ಚಿಂತಾಮಣಿ ತಾಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಯ ಹೊತ್ತಿಗೆ ಹಗಲಿರುಳು ನಡೆಯುವ ಸಂಗೀತೋತ್ಸವ ಗೊತ್ತಲ್ಲ? ತೆಲುಗು, ಕನ್ನಡ ಎರಡರಲ್ಲೂ ಹಾಡಿದ ಯೋಗಿ ನಾರೇಯಣ ತಾತಯ್ಯನ ನೆಲ ಅದು. ಅಂಥ ಕಛೇರಿಯನ್ನು ಜೇಬಿನ ರೆಕಾರ್ಡರಿನಲ್ಲಿ ಹಿಡಿಯಲು ಹೊರಟವರಿಗೊಂದು ಕಿವಿಮಾತು. 32 ಜಿಬಿವರೆಗಿನ ಕಾರ್ಡುಗಳಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಸಿಡಿ ಗುಣಮಟ್ಟದ ವೇವ್ ಫೈಲಾದರೆ ಆರೂಮುಕ್ಕಾಲು ಗಂಟೆಗೆ ಆ ಗೆರೆ ಬಂತು. ಕೆಲವು ಯಂತ್ರ ತಾನೇ ಹೊಸ ಫೈಲು ತೆರೆಯುತ್ತದೆ, ಕೆಲವು ಮಾತಿಲ್ಲದೆ ನಿಂತುಬಿಡುತ್ತದೆ. ಮೊದಲೇ ಪರೀಕ್ಷಿಸಿ ಹೋಗಿ. ಇನ್ನು ಹೀಗೆ ಹಿಡಿದದ್ದನ್ನು ಅಥವಾ ಹರಿಕಥೆಯನ್ನು ಕೇಳುವವರಿಗೆ ಬೇಕಾದ್ದು ‘ಬಿಟ್ಟಲ್ಲಿಂದ ಮುಂದುವರಿಸು’ ಸೌಲಭ್ಯ. ಅದಿಲ್ಲದ ಪ್ಲೇಯರಿನಲ್ಲಿ ಪ್ರತಿಸಲವೂ ಗಣಪತಿ ಸ್ತುತಿಯಿಂದಲೇ ಶುರು.

1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್, ಮೂರು ನಿಮಿಷದ ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಹೆಸರು ಕೇಳಿಸದಿದ್ದರೆ ಅಲ್ಲಿನವರು ಯಾವ ಲೇಬಲ್ ಅಂಟಿಸಬೇಕು? 1996ರಲ್ಲಿ ಎಂಪಿ3 ಫೈಲಿಗೆ ಹಾಡಿನ ಹೆಸರು ಸೇರಿಸುವ ‘ಐಡಿ3 ಟ್ಯಾಗ್’ ಬಂದಾಗಲೂ ಅದು ಕೂತದ್ದು ಫೈಲಿನ ಕಟ್ಟಕಡೆಯ 128 ಬೈಟುಗಳಲ್ಲಿ! ಗೌಹರ್ ಜಾನ್ ಕೊನೆಯ ದಿನಗಳಲ್ಲಿ ನಮ್ಮ ಮೈಸೂರಿನ ಆಸ್ಥಾನದಲ್ಲಿದ್ದರು. 1930ರ ಜನವರಿಯಲ್ಲಿ ತೀರಿಕೊಂಡದ್ದೂ ಮೈಸೂರಿನಲ್ಲೇ.

ಆ 128 ಬೈಟುಗಳಲ್ಲಿ ಹಾಡಿನ ಹೆಸರು, ಹಾಡಿದವರು, ಆಲ್ಬಂ, ವರ್ಷ, ಟಿಪ್ಪಣಿ, ಪ್ರಕಾರ ಇವಕ್ಕೆ ಜಾಗವಿತ್ತು. ಬರೆದ ಕವಿಗೆ ಇರಲಿಲ್ಲ. ಪ್ರಕಾರಗಳ ಮೂಲ ಪಟ್ಟಿ 80ರದು. ಅದರಲ್ಲಿ ಪೋಲ್ಕಾ ಕುಣಿತವೂ ಇತ್ತು, ಕರ್ನಾಟಕ ಸಂಗೀತ ಮಾತ್ರ ಇಲ್ಲ. ಭಾವಗೀತೆಯ ಮಾತು ಬಿಡಿ. ನಮಗೋ ಭಾವಗೀತೆ ಎಂದರೆ ಮೊದಲು ಕವಿ, ಆಮೇಲೆ ಗಾಯಕ. 1978ರಲ್ಲಿ ಕನ್ನಡದ ಮೊದಲ ಸುಗಮ ಸಂಗೀತ ಕ್ಯಾಸೆಟ್ಟೆನಿಸಿದ ‘ನಿತ್ಯೋತ್ಸವ’ವನ್ನು ಜನ ಗುರುತಿಸಿದ್ದು, ಮೈಸೂರು ಅನಂತಸ್ವಾಮಿಯವರ ಸಂಗೀತದ ಜೊತೆಗೇ, ಚಿಕ್ಕಬಳ್ಳಾಪುರದ ಪಕ್ಕದ ದೇವನಹಳ್ಳಿಯಲ್ಲಿ ಹುಟ್ಟಿದ ನಿಸಾರ್ ಅಹಮದರ ಹೆಸರಿನಿಂದ. ‘ಸುಬ್ಬಾಭಟ್ಟರ ಮಗಳೇ’ ಕೇಳಿ ನಕ್ಕವರಲ್ಲಿ ಎಷ್ಟು ಜನಕ್ಕೆ ಅದರ ಕವಿ ಬಿ.ಆರ್. ಲಕ್ಷ್ಮಣರಾವ್ ಈ ಸೀಮೆಯವರೆಂದು ಗೊತ್ತು? ಹುಟ್ಟಿದ್ದು 1946ರಲ್ಲಿ, ಶಿಡ್ಲಘಟ್ಟ ತಾಲೂಕಿನ ಚೀಮಂಗಲದಲ್ಲಿ. ಪಾಠ ಹೇಳಿದ್ದು ಚಿಂತಾಮಣಿಯಲ್ಲಿ. ಟ್ಯಾಗಿನ ಮುಂದಿನ ಆವೃತ್ತಿಯಲ್ಲಿ ಗೀತರಚನಕಾರರಿಗೆ ಅಂಕಣ ಬಂತು, ಆದರೆ ಅಗ್ಗದ ಪ್ಲೇಯರು ಅದನ್ನು ತೋರಿಸುವುದು ಅಪರೂಪ. ಉಪಾಯ ಸರಳ: ಆಲ್ಬಂ ಅಂಕಣದಲ್ಲಿ ಕವಿಯ ಹೆಸರು ಬರೆಯಿರಿ. ಆಗ ಒಬ್ಬ ಕವಿಯ ಹಾಡುಗಳೆಲ್ಲ ಒಂದೇ ಕಡೆ ಸಿಗುತ್ತವೆ.

ಹಾಡಿನ ಹೆಸರಿಗೆ ಆ ಹಳೇ ಟ್ಯಾಗಿನಲ್ಲಿದ್ದದ್ದು 30 ಬೈಟು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೆ, ಕೊಂಬು ಇಳಿಗಳಿಗೂ ಬಿಡಿಬಿಡಿಯಾಗಿ, 3 ಬೈಟು ಖರ್ಚು. ಹತ್ತು ಗುರುತು ಮುಗಿಯುವ ಹೊತ್ತಿಗೆ ಜಾಗ ಖಾಲಿ. ‘ಚಿಕ್ಕಬಳ್ಳಾಪುರ’ ಎಂದು ಬರೆಯಲೂ ಸಾಲದು, ಎಣಿಸಿ ನೋಡಿ. ಹೊಸ ಟ್ಯಾಗುಗಳಲ್ಲಿ ಈ ಇಕ್ಕಟ್ಟಿಲ್ಲ. ಆದರೂ ಪ್ಲೇಯರಿನೊಳಗೆ ಕನ್ನಡ ಲಿಪಿಯೇ ಇಲ್ಲದಿದ್ದರೆ ಸಾಲುಸಾಲು ಚೌಕ ಕಾಣುತ್ತವೆ. ನುಡಿ, ಬರಹದ ಹಳೇ ಫಾಂಟಿನಲ್ಲಿ ಬರೆದ ಹೆಸರಾದರಂತೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. 1991ರಿಂದ ಯೂನಿಕೋಡಿನಲ್ಲಿ ಜಾಗವಿರುವ ಭಾಷೆಗೆ ಇನ್ನೂ ಈ ಗತಿ ಎಂದರೆ ತಯಾರಕರ ಸೋಮಾರಿತನ, ಬೇರೇನಿಲ್ಲ.

ಪ್ಲೇಯರಿನಲ್ಲಿ ಎಫ್‌ಎಂ ಹಾಕಿದರೆ ‘ಇಯರ್‌ಫೋನ್ ಸಿಕ್ಕಿಸಿ’ ಎನ್ನುವುದೇಕೆ? ಆ ತಂತಿಯೇ ಆಂಟೆನಾ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರು. ಅದರ ಕಾಲುಭಾಗ 75 ಸೆಂಟಿಮೀಟರು. ಮಾಮೂಲಿ ಇಯರ್‌ಫೋನಿನ ತಂತಿ ಅದಕ್ಕೆ ಸಾಕಾಗುತ್ತದೆ. ಬ್ಲೂಟೂತ್ ಇಯರ್‌ಬಡ್ ಮಾತ್ರ ಇದ್ದರೆ ರೇಡಿಯೊ ಆಸೆ ಬಿಡಿ.

ಆಂಟೆನಾದಿಂದ ರೇಡಿಯೊ ಅಲೆ ಹಿಡಿಯುವ ಇದೇ ಕೆಲಸ ಗೌರಿಬಿದನೂರಿನಲ್ಲಿ ಬಹಳ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ 1976ರಲ್ಲಿ ಅಲ್ಲಿ ಶುರುಮಾಡಿದ ರೇಡಿಯೊ ದೂರದರ್ಶಕದಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರಕ್ಕೆ ಜೋಡಿಸಿದ 1,000 ಆಂಟೆನಾಗಳಿದ್ದವು. ಎಫ್‌ಎಂ ಪಟ್ಟಿಗಿಂತ ಕೆಳಗೆ, 34.5 ಮೆಗಾಹರ್ಟ್ಸಿನಲ್ಲಿ ಅದು ಆಕಾಶಕ್ಕೆ ಕಿವಿಗೊಟ್ಟಿತ್ತು. ಅದೇ ಊರಿನಲ್ಲಿ 1965ರಿಂದ ಭಾಭಾ ಅಣುಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲೂ ಇದೆ; ದೂರದೇಶಗಳ ಭೂಗತ ಅಣುಸ್ಫೋಟ ಪತ್ತೆಹಚ್ಚಲು ಹಾಕಿದ್ದು. ಮೇಲಿನದಕ್ಕೂ ಕೆಳಗಿನದಕ್ಕೂ ಕಿವಿಯಿಟ್ಟ ಇಂಥ ತಾಲೂಕು ಇನ್ನೆಲ್ಲಿದೆ?

ಗೌರಿಬಿದನೂರು ಎಂದಮೇಲೆ ಎಚ್. ನರಸಿಂಹಯ್ಯನವರನ್ನು ಬಿಡಲಾದೀತೆ? 1920ರಲ್ಲಿ ಹೊಸೂರಿನಲ್ಲಿ ಹುಟ್ಟಿದ ಎಚ್ಚೆನ್, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. ಆಡಿಯೊ ಅಂಗಡಿಗಳ ಪವಾಡಗಳಿಗೂ ಅಂಥದೊಂದು ಸಮಿತಿ ಬೇಕಿತ್ತು. ಚಿನ್ನದ ಲೇಪದ ಯುಎಸ್‌ಬಿ ಕೇಬಲಿನಲ್ಲಿ ಹಾಡು ತುಂಬಿದರೆ ಇಂಪು ಹೆಚ್ಚುತ್ತದಂತೆ! ಕಾರ್ಡಿಗೆ ಹೋಗುವುದು ಸೊನ್ನೆ ಮತ್ತು ಒಂದು; ಅವು ಸರಿಯಾಗಿ ತಲುಪಿದವು ಎಂದಮೇಲೆ ಕೇಬಲಿನ ಬೆಲೆ ಹಾಡಿಗೆ ಗೊತ್ತಾಗುವುದಿಲ್ಲ. 192 ಕಿಲೋಹರ್ಟ್ಸ್ ‘ಹೈ-ರೆಸ್’ ಕಥೆಯೂ ಹೆಚ್ಚುಕಡಿಮೆ ಇದೇ. ಎಳೆಯ ಕಿವಿ ಕೇಳುವ ಮಿತಿ 20,000 ಹರ್ಟ್ಸ್. ಅದನ್ನು ಹಿಡಿಯಲು ಸಿಡಿಯ ಸೆಕೆಂಡಿಗೆ 44,100 ಮಾದರಿಗಳು ಸಾಕು. ಐವತ್ತು ದಾಟಿದ ಬಹುಪಾಲು ಕಿವಿಗಳಿಗೆ 15,000 ಹರ್ಟ್ಸೇ ದೂರದ ಮಾತು. ಪರೀಕ್ಷೆ ಮನೆಯಲ್ಲೇ ಮಾಡಬಹುದು. ಒಂದೇ ಹಾಡನ್ನು ಎರಡು ಗುಣಮಟ್ಟದಲ್ಲಿ ತುಂಬಿ, ಯಾವುದು ಯಾವುದೆಂದು ಹೇಳದೆ ಮಗನಿಂದ ಹಾಕಿಸಿ, ಹತ್ತು ಸಲ ಊಹಿಸಿ. ಐದಾರು ಸರಿಹೋದರೆ ಅದು ಬರೀ ನಾಣ್ಯ ಚಿಮ್ಮಿದ ಲೆಕ್ಕ. ಆ ದುಡ್ಡನ್ನು ಒಳ್ಳೆಯ ಇಯರ್‌ಫೋನಿಗೆ ಹಾಕಿ, ವ್ಯತ್ಯಾಸ ಕೇಳಿಸುವುದು ಅಲ್ಲಿ.

ಕಿವಿಯ ಸುದ್ದಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಸದ್ದು 3 ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. 90ಕ್ಕೆ ವಾರಕ್ಕೆ ನಾಲ್ಕು ಗಂಟೆ, 100ಕ್ಕೆ 20 ನಿಮಿಷ. ಯಂತ್ರದ ಗದ್ದಲದ ನಡುವೆ, ಬಸ್ಸಿನಲ್ಲಿ ನಾವು ಗೊತ್ತಿಲ್ಲದೆಯೇ ದನಿ ಏರಿಸುತ್ತೇವೆ. ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಹೊರಗಿನ ಸದ್ದನ್ನು ತಡೆಯುವುದರಿಂದ ಏರಿಸುವ ಅಗತ್ಯವೇ ಕಡಿಮೆ. ರಸ್ತೆ ದಾಟುವಾಗ ಮಾತ್ರ ತೆಗೆದಿಡಿ.

ಬಸ್ಸು ಎಂದಾಗ ನೆನಪಾಯಿತು. ಹೈಕೋರ್ಟಿನ ನಿರ್ದೇಶನದ ಮೇರೆಗೆ 2021ರ ನವೆಂಬರಿನಲ್ಲಿ ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳಲ್ಲಿ ಮೊಬೈಲಿನ ಸ್ಪೀಕರಿನಿಂದ ಜೋರಾಗಿ ಹಾಡು ಹಾಕುವುದನ್ನು ನಿಷೇಧಿಸಿತು. ಕಂಡಕ್ಟರ್ ಹೇಳಿದರೂ ಕೇಳದವರನ್ನು ಇಳಿಸಲೂ ಅವಕಾಶವಿದೆ. ಚಿಂತಾಮಣಿಯಿಂದ ಬೆಂಗಳೂರಿನವರೆಗೂ ಪಕ್ಕದವರ ರೀಲ್ಸ್ ಕೇಳಿ ಬಂದವರು ಈ ನಿಯಮವನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ಬ್ಯಾಟರಿಗೆ ಶತ್ರು ಬಿಸಿಲು. ಏಪ್ರಿಲಿನ ಮಧ್ಯಾಹ್ನ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಪ್ಲೇಯರ್ ಬಿಟ್ಟರೆ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿಡಿ. ಕೊಳ್ಳುವಾಗ ಬ್ಯಾಟರಿಯ ಮೇಲೆ ‘ಐಎಸ್ 16046’ ಗುರುತಿದೆಯೇ ನೋಡಿ. ಊದಿಕೊಂಡ ಬ್ಯಾಟರಿಯನ್ನು ಚುಚ್ಚಬೇಡಿ, ತಿಪ್ಪೆಗೂ ಎಸೆಯಬೇಡಿ. ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.

ಪರವಾನಗಿಯಿಲ್ಲದೆ ಕಾರ್ಡಿಗೆ ಹಾಡು ತುಂಬಿಸಿ ಮಾರುವುದು 1957ರ ಹಕ್ಕುಸ್ವಾಮ್ಯ ಕಾಯ್ದೆಯಡಿ ಅಪರಾಧ. ಆರು ತಿಂಗಳಿಂದ ಮೂರು ವರ್ಷ ಸೆರೆ, 50,000ದಿಂದ 2 ಲಕ್ಷ ರೂಪಾಯಿ ದಂಡ. ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ನಂತರ 60 ವರ್ಷ ಇರುತ್ತದೆ. 1960ರಲ್ಲಿ ಬಂದ ತಟ್ಟೆಯ ಹಕ್ಕು 2020ರ ಕೊನೆಗೆ ಮುಗಿಯಿತು. ಆದರೆ ಕವಿ, ಸಂಗೀತಗಾರರ ಹಕ್ಕು ಅವರ ಕಾಲಾನಂತರವೂ 60 ವರ್ಷ ಉಳಿಯುತ್ತದೆ, ಹಾಗಾಗಿ ಹಳೆಯದೆಲ್ಲ ಪುಕ್ಕಟೆ ಎಂದು ಹಿಗ್ಗಬೇಡಿ. ಮನೆಯಲ್ಲಿರುವ ಸಿಡಿಗಳಿಂದ ನಿಮ್ಮ ಪ್ಲೇಯರಿಗೆ ತುಂಬಿಕೊಳ್ಳಿ, ಇಲ್ಲವೇ ದುಡ್ಡು ಕೊಟ್ಟು ಇಳಿಸಿಕೊಳ್ಳಿ.

ಕೊಳ್ಳಲು ಚಿಕ್ಕಬಳ್ಳಾಪುರದ ಅಂಗಡಿಗೆ ಹೋಗುತ್ತೀರೋ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುತ್ತೀರೋ, ನಿಮ್ಮದೇ ಕಾರ್ಡು, ನಿಮ್ಮದೇ ಇಯರ್‌ಫೋನು ಒಯ್ಯಿರಿ. ಕಾರ್ಡಿನಲ್ಲಿ ಕನ್ನಡ ಹೆಸರಿನದೊಂದು ಹಾಡು, ಒಂದು ಗಂಟೆಯದೊಂದು ಹರಿಕಥೆ ಇರಲಿ. ಹರಿಕಥೆಯನ್ನು ನಡುವೆ ನಿಲ್ಲಿಸಿ, ಪ್ಲೇಯರ್ ಆರಿಸಿ, ಮತ್ತೆ ಹಚ್ಚಿ ನೋಡಿ. ಪರದೆಯಲ್ಲಿ ಚೌಕ ಕಂಡರೆ, ಕಥೆ ಮೊದಲಿನಿಂದ ಶುರುವಾದರೆ, ಎಷ್ಟೇ ಅಗ್ಗವಾದರೂ ಅದನ್ನು ಅಲ್ಲೇ ಬಿಟ್ಟು ಬನ್ನಿ.