ಪೆಪ್ಪರಮಿಂಟಿನ ಪೂರ್ವೋತ್ತರ

ಸ್ವಾತಂತ್ರ್ಯೋತ್ಸವದ ಧ್ವಜವಂದನೆಯ ಅನಂತರ ಮಕ್ಕಳ ಕೈಸೇರುವ ಪೆಪ್ಪರಮಿಂಟನ್ನು ಅರಿಯದವರು ನಮ್ಮ ನಾಡಿನಲ್ಲಿ ವಿರಳ. ನಿಂಬೆಯ ಹುಳಿಯಿರಲಿ, ಕಿತ್ತಳೆಯ ಬಣ್ಣವಿರಲಿ, ನಮ್ಮ ಜನರ ಬಾಯಲ್ಲಿ ಅದೆಲ್ಲವೂ ಪೆಪ್ಪರಮಿಂಟೇ. ವಸ್ತುತಃ ಈ ಹೆಸರು ಒಂದು ಸಸ್ಯದ್ದು.

ಪುದೀನದ ಬಳಗಕ್ಕೆ ಸೇರಿದ ಎರಡು ಜಾತಿಗಳ ಸಂಕರದಿಂದ ಹುಟ್ಟಿದ ಈ ಗಿಡ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಬೇರುಬಿಟ್ಟ ಕುಡಿಗಳನ್ನು ನೆಟ್ಟೇ ಬೆಳೆಸಬೇಕು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಬಳಿಯ ಮಿಚಮ್ ಇದರ ಬೇಸಾಯಕ್ಕೆ ಹೆಸರಾಯಿತು. ಭಟ್ಟಿಯಿಳಿಸಿ ತೆಗೆದ ಇದರ ತೈಲವನ್ನು ಸಕ್ಕರೆಯಲ್ಲಿ ಬೆರೆಸಿ ಅಜೀರ್ಣಕ್ಕೆ ಗುಳಿಗೆಯಾಗಿ ಕೊಡುತ್ತಿದ್ದರು. ಹೀಗೆ ಮಿಠಾಯಿ ಎನಿಸಿಕೊಳ್ಳುವ ಮುನ್ನ ಪೆಪ್ಪರಮಿಂಟು ಮದ್ದಾಗಿತ್ತು.

ಇದು ಬಾಯಿಗೆ ತಂಪೆನಿಸುವುದೇಕೆ? ತೈಲದಲ್ಲಿರುವ ಮೆಂಥಾಲ್ ನಾಲಗೆಯನ್ನು ನಿಜವಾಗಿ ತಣಿಸುವುದಿಲ್ಲ. ಶೀತವನ್ನು ಗುರುತಿಸುವ ನರಗಳನ್ನಷ್ಟೇ ಎಚ್ಚರಿಸುತ್ತದೆ. ಈ ಮೆಂಥಾಲನ್ನೇ ಬಳಸಿ 2002ರಲ್ಲಿ ಶೀತಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಹಾಗೂ ಆರ್ಡೆಮ್ ಪಟಪೂಟಿಯನ್, ಸ್ಪರ್ಶ ಮತ್ತು ಉಷ್ಣತೆಯ ಅರಿವನ್ನು ಕುರಿತ ಸಂಶೋಧನೆಗಳಿಗಾಗಿ 2021ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.

ಪೆಪ್ಪರಮಿಂಟಿನ ಪ್ರಭೇದಗಳು ಬಹುಮಟ್ಟಿಗೆ ಸಕ್ಕರೆಯ ಪಾಕವನ್ನು ಅವಲಂಬಿಸಿವೆ. ಪಾಕವನ್ನು ಗಟ್ಟಿಯಾಗಿ ಕಾಯಿಸಿ, ಬಿಸಿಯಿರುವಾಗಲೇ ಮತ್ತೆ ಮತ್ತೆ ಎಳೆದು ಮಡಿಸಿದರೆ ಗಾಳಿ ಸೇರಿ ಬೆಳ್ಳಗಾಗುತ್ತದೆ. ಅದಕ್ಕೆ ಕೆಂಪು ಪಟ್ಟಿ ಸೇರಿಸಿ ಹುರಿಗೊಳಿಸಿದರೆ ಸ್ವೀಡನ್ನಿನ ಗ್ರೆನ್ನಾ ಊರಿನ ‘ಪೋಲ್ಕಗ್ರಿಸ್’ ಸಿದ್ಧ. ಪತಿಯನ್ನು ಕಳೆದುಕೊಂಡು, ಹಸುಗೂಸಾದ ಮಗಳೊಡನೆ ಉಳಿದ ಅಮಾಲಿಯಾ ಎರಿಕ್ಸನ್ ಎಂಬಾಕೆ ಇದನ್ನು ತಯಾರಿಸಿ ಮಾರಲು ಊರಿನ ಆಡಳಿತದಿಂದ 1859ರಲ್ಲಿ ಅನುಮತಿ ಪಡೆದಳು. ಅನ್ಯರನ್ನು ಆಶ್ರಯಿಸದೆ ಬಾಳಲು ಆಕೆಗೆ ಒದಗಿದ್ದು ಈ ಕೈಕೆಲಸವೇ. ಇಂದಿಗೂ ಆ ಪುಟ್ಟ ಊರು ಈ ಮಿಠಾಯಿಯಿಂದಲೇ ಪ್ರಸಿದ್ಧವಾಗಿದೆ.

ಅದೇ ಪಾಕವನ್ನು ಕಲಕಿ ಹರಳುಗಟ್ಟಿಸಿದರೆ ಇಂಗ್ಲೆಂಡಿನ ‘ಕೆಂಡಲ್ ಮಿಂಟ್ ಕೇಕ್’ ಆಗುತ್ತದೆ. 1869ರಲ್ಲಿ ಜೋಸೆಫ್ ವೈಪರ್ ಸ್ವಚ್ಛವಾದ ಮಿಠಾಯಿ ಮಾಡಹೊರಟಾಗ ಪಾಕವು ಮಬ್ಬಾಗಿ ಹರಳುಗಟ್ಟಿ ಇದು ಹುಟ್ಟಿತೆಂಬ ಪ್ರತೀತಿಯಿದೆ. ಬೇಗನೆ ಕಸುವು ಕೊಡುವ ಈ ತಿನಿಸು 1953ರಲ್ಲಿ ಹಿಲರಿ ಮತ್ತು ತೇನ್‌ಸಿಂಗರೊಡನೆ ಎವರೆಸ್ಟ್ ಶಿಖರವನ್ನೇರಿತು.

ಮೂರನೆಯದು ಪಾಕವಿಲ್ಲದೆ, ಸಕ್ಕರೆಯ ಪುಡಿಯನ್ನು ಒತ್ತಿ ಮಾಡುವ ಬಿಲ್ಲೆ. ಬೇಸಗೆಯಲ್ಲಿ ಚಾಕೊಲೇಟು ಕರಗಿ ವ್ಯಾಪಾರ ಕುಗ್ಗುತ್ತಿದ್ದುದರಿಂದ ಅಮೆರಿಕದ ಕ್ಲಾರೆನ್ಸ್ ಕ್ರೇನ್ 1912ರಲ್ಲಿ ನಡುವೆ ತೂತುಳ್ಳ ‘ಲೈಫ್ ಸೇವರ್ಸ್’ ಬಿಲ್ಲೆಗಳನ್ನು ಹೊರತಂದನು. ಅವುಗಳನ್ನು ಒತ್ತಿದ್ದು ಔಷಧದ ಗುಳಿಗೆ ತಯಾರಿಸುವ ಯಂತ್ರ! ಬ್ರಿಟನ್ನಿನ ‘ಪೋಲೋ’ 1948ರಲ್ಲಿ ಬಂದಿತು.

ಈ ವಿಷಯದಲ್ಲಿ ಭಾರತದ ಪಾತ್ರವೂ ಗಣನೀಯ. ಪೆಪ್ಪರಮಿಂಟಿಗಿಂತ ಭಿನ್ನವಾದ, ಮೆಂಥಾಲ್ ಹೆಚ್ಚಾಗಿರುವ ಇನ್ನೊಂದು ಜಾತಿಯ ಪುದೀನವನ್ನು ಉತ್ತರ ಪ್ರದೇಶದ ಬಾರಾಬಂಕಿ, ಸಂಭಲ್ ಮೊದಲಾದೆಡೆ ಬೆಳೆಯುತ್ತಾರೆ. ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ ಅದರ ಸುಧಾರಿತ ತಳಿಗಳನ್ನು ಒದಗಿಸಿದೆ. ಇದರ ತೈಲದ ಉತ್ಪಾದನೆಯಲ್ಲಿ ಭಾರತ ಜಗತ್ತಿನಲ್ಲಿಯೇ ಅಗ್ರಗಣ್ಯ. ಆದರೆ ಕಾರ್ಖಾನೆಗಳ ಕೃತಕ ಮೆಂಥಾಲ್ ಇಂದು ಈ ರೈತರ ಬೆಳೆಗೆ ಪ್ರಬಲ ಪ್ರತಿಸ್ಪರ್ಧಿಯಾಗಿದೆ. ನಾಲಗೆಯ ಮೇಲೆ ಕ್ಷಣಕಾಲ ಉಳಿಯುವ ಈ ತಂಪಿನ ಹಿಂದೆ ಅಂದು ಒಬ್ಬ ತಾಯಿಯ ಜೀವನೋಪಾಯವಿತ್ತು. ಇಂದು ಅಸಂಖ್ಯ ರೈತಕುಟುಂಬಗಳ ಅನ್ನವಿದೆ.